ಎಡೆ ಇಟ್ಟ ಮುಖ

ಬಸ್ಸು ತುಮಕೂರು ಬಿಟ್ಟಾಗಿನಿಂದ ವನಜಾಕ್ಷಿ ಕಾಲು ಅಲುಗಿಸಿರಲಿಲ್ಲ. ಮೂರಡಿ ಎತ್ತರದ ಚಿತ್ರವನ್ನು ತನ್ನದೇ ಹಳೇ ದುಪ್ಪಟಿಯಲ್ಲಿ ಸುತ್ತಿ, ತೆಂಗಿನ ನಾರಿನ ಹಗ್ಗದಲ್ಲಿ ಬಿಗಿದು, ಎರಡು ಮೊಣಕಾಲಿನ ನಡುವೆ ನಿಲ್ಲಿಸಿಕೊಂಡಿದ್ದಳು. ಬಸ್ಸು ಗುಂಡಿಗೆ ಇಳಿದು ಎದ್ದಾಗಲೆಲ್ಲ ಅದು ಜ್ವರದವರ ಹಾಗೆ ವಾಲಿ ಅವಳ ಎದೆಗೆ ಒರಗುತ್ತಿತ್ತು. ಬರೆದು ತಿಂಗಳ ಮೇಲಾಗಿದ್ದರೂ ಬಾಯಿಯ ಜಾಗದಲ್ಲಿ ಬಣ್ಣ ಬೆರಳು ದಪ್ಪಕ್ಕೆ ನಿಂತು ಇನ್ನೂ ಆರಿರಲಿಲ್ಲ. ಆ ಜಾಗ ಯಾವುದೆಂದು ಬಟ್ಟೆಯ ಮೇಲಿನಿಂದಲೇ ಅವಳಿಗೆ ಗೊತ್ತು, ಅದು ಬಲಮೊಣಕಾಲಿಗೆ ತಾಗಿಕೊಂಡಿತ್ತು. ಅಗಸೆ ಎಣ್ಣೆಯ ವಾಸನೆ, ಹಿಂದಿನ ಸೀಟಿನವರು ಸುಲಿದು ತಿನ್ನುತ್ತಿದ್ದ ಕಡಲೆಕಾಯಿಯ ವಾಸನೆ, ಪಕ್ಕದಲ್ಲಿ ಕೂತ ತಿಮ್ಮೇಶ್ ಮಾವನ ಸೂತಕದ ಗಡ್ಡದಿಂದ ಬರುತ್ತಿದ್ದ ಬೆವರು, ಎಲ್ಲ ಸೇರಿ ಗಂಟಲಿಗೆ ಬಂದು ಕೂತಿತ್ತು. ಕಾಲು ಸರಿಸಿದರೆ ಚಿತ್ರ ಬೀಳುತ್ತದೆ. ಸರಿಸದಿದ್ದರೆ ಬಟ್ಟೆ ದಾಟಿ ಆ ಬಾಯಿ ತನ್ನ ಮೊಣಕಾಲಿನ ಮೇಲೆ ಅಚ್ಚಾಗುತ್ತದೆ ಎನ್ನಿಸಿ ಅವಳು ಉಸಿರನ್ನೂ ಸಣ್ಣಗೆ ಬಿಡುತ್ತಿದ್ದಳು.

"ಏನ್ ಸ್ವಾಮಿ ಅದು, ಟೀವಿನಾ?" ಎಂದು ಮುಂದಿನ ಸೀಟಿನ ರುಮಾಲಿನವನು ತಿರುಗಿ ಕೇಳಿದ.

"ಟೀವಿ ಅಲ್ಲ, ನಮ್ಮವ್ವ," ಎಂದ ಮಾವ. ರುಮಾಲಿನವನು ತಬ್ಬಿಬ್ಬಾದದ್ದನ್ನು ನೋಡಿ ಹತ್ತು ದಿನದಲ್ಲಿ ಮೊದಲ ಸಲ ಅವನ ಮುಖದ ಮೇಲೆ ನಗು ಬಂತು. "ತೀರ್ಕೊಂಡ್ರು ಬುಡಿ. ನಾಳೀಕೆ ಹನ್ನೊಂದು. ಅವರದ್ದೇ ಚಿತ್ರ, ಕೈಯಾಗೆ ಬರ್ದಿರಾದು. ಇವ್ಳೇ ಬರ್ದಿದ್ದು, ನಮ್ಮಕ್ಕನ ಮಗ್ಳು. ಪೇಪರ್ನಾಗೆಲ್ಲಾ ಬಂದಿತ್ತು."

"ಹಂಗಾ? ಬಿಚ್ಚವ್ವ ಒಸಿ, ನೋಡಾನ."

"ಬಣ್ಣ ಆರಿಲ್ಲ," ಎಂದಳು ವನಜಾಕ್ಷಿ. ಅದು ನಿಜವೇ ಆಗಿತ್ತು. ನಿಜದ ಹಿಂದೆ ಎಷ್ಟು ಸಲೀಸಾಗಿ ಅಡಗಿ ಕೂರುತ್ತೇನೆ ಎಂದು ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಪೇಪರಿನಲ್ಲಿ ಬಂದದ್ದು ಮೂರು ಸಾಲು. ಜಿಲ್ಲೆಯ ಸುದ್ದಿಯ ಪುಟದ ಕೆಳಗಡೆ, ಒಂದು ಬೋರ್‌ವೆಲ್ ಉದ್ಘಾಟನೆಗೂ ಒಂದು ಕಾಣೆಯಾದವರ ಪ್ರಕಟಣೆಗೂ ನಡುವೆ: ಸಿ.ಎಸ್. ಪುರದ ವನಜಾಕ್ಷಿ ಬರೆದ 'ಅಜ್ಜಿ' ಎಂಬ ತೈಲಚಿತ್ರಕ್ಕೆ ವಿದ್ಯಾರ್ಥಿಗಳ ಪ್ರದರ್ಶನದಲ್ಲಿ ಮೊದಲ ಬಹುಮಾನ. ಚಿತ್ರ ಅಚ್ಚಾಗಿರಲಿಲ್ಲ. ಆ ತುಣುಕನ್ನು ಕತ್ತರಿಸಿ ವನಜಾಕ್ಷಿಯ ಅವ್ವ ದೇವರ ಗೂಡಿನಲ್ಲಿ ಇಟ್ಟಿದ್ದಳಂತೆ. ಪಾರ್ಶ್ವವಾಯು ಬಡಿದು ನಾಲಿಗೆ ಹೊರಳದ ಅಜ್ಜಿ ಬಂದವರಿಗೆಲ್ಲ ಒಳ್ಳೆಯ ಕೈಯಲ್ಲಿ ಗೂಡು ತೋರಿಸಿ, "ನಂದು, ನಂದು," ಎಂದು ತೊದಲುತ್ತಿದ್ದಳಂತೆ. ಅವಳು ಓದುತ್ತಿದ್ದ ತುಮಕೂರಿನ ಬಟವಾಡಿಯ ಎಸ್‌ಟಿಡಿ ಬೂತಿಗೆ ಫೋನು ಮಾಡಿದಾಗಲೆಲ್ಲ ಮಾವ ಇದನ್ನು ಹೇಳುತ್ತಿದ್ದ. ರಿಸೀವರನ್ನು ಕಿವಿಗೆ ಒತ್ತಿಕೊಂಡು ಅವಳು ಹ್ಞೂಂ, ಹ್ಞೂಂ ಎನ್ನುತ್ತಿದ್ದಳು. ಅದೇ ಬೂತಿಗೆ ಸಾವಿನ ಫೋನೂ ಬಂತು. ಅವಳು ಊರು ಮುಟ್ಟುವ ಹೊತ್ತಿಗೆ ಅಜ್ಜಿಯನ್ನು ಜಗಲಿಯ ಗೋಡೆಗೆ ಒರಗಿಸಿ ಕೂರಿಸಿ, ದವಡೆಗೆ ಬಟ್ಟೆ ಕಟ್ಟಿ, ಹಾರ ಹಾಕಿದ್ದರು. ನಮ್ಮ ಕಡೆ ಯಾರು ಸತ್ತರೂ ಹೀಗೆ ಕೂರಿಸಿ, ಫೋಟೋ ತೆಗೆಯಲು ಸ್ಟುಡಿಯೋದವನನ್ನು ಕರೆಸುತ್ತಾರೆ. ಬದುಕಿದ್ದಾಗ ಫೋಟೋ ತೆಗೆಸಿಕೊಳ್ಳದವರಿಗೆ ಅದೊಂದೇ ಫೋಟೋ, ಹನ್ನೊಂದನೇ ದಿನ ಎಡೆ ಇಡುವುದು ಅದರ ಮುಂದೆಯೇ. ಅಜ್ಜಿ ಕ್ಯಾಮರಾ ಕಂಡರೆ ಬೆನ್ನು ತಿರುಗಿಸುವವಳು. ಚುನಾವಣೆಯ ಗುರುತಿನ ಚೀಟಿಯಲ್ಲೂ ಸೆರಗು ಮತ್ತು ಒಂದು ಮೂಗಿನ ತುದಿ ಬಿಟ್ಟರೆ ಏನೂ ಇರಲಿಲ್ಲ. ಸ್ಟುಡಿಯೋದವನು ಸೈಕಲ್ಲಿನಿಂದ ಇಳಿದು ಕ್ಯಾಮರಾ ತೆಗೆಯುವಷ್ಟರಲ್ಲಿ ಮಾವ ಕೈ ಅಡ್ಡ ಹಿಡಿದ. "ಬ್ಯಾಡ ಕಣಪ್ಪ, ಹೆಣದ್ ಫೋಟೋ ಯಾಕೆ? ನಮ್ ವನಜ ಜೀವ ಇದ್ದಾಗಿಂದೇ ಬರ್ದವ್ಳೆ." ಎಲ್ಲರೂ ಅವಳ ಕಡೆ ನೋಡಿದರು. ಅವಳು ಬಾಯಿ ತೆರೆಯಬಹುದಿತ್ತು. ತೆಗೆಯಲಿ ಮಾವ, ಇರಲಿ ಒಂದು, ಎಂದರೆ ಸಾಕಿತ್ತು. ಆ ಹೊತ್ತಿನಲ್ಲಿ ಅವಳು ದವಡೆಗೆ ಕಟ್ಟಿದ ಬಿಳೀ ಬಟ್ಟೆ ಕೆನ್ನೆಯನ್ನು ಹೇಗೆ ಎರಡು ಮಾಡಿದೆ ಎಂದು ನೋಡುತ್ತಿದ್ದಳು. ಸ್ಟುಡಿಯೋದವನು ಕ್ಯಾಮರಾವನ್ನು ಚೀಲದೊಳಕ್ಕೆ ಇಟ್ಟುಕೊಂಡ. ಹತ್ತನೇ ದಿನ ಚಿತ್ರ ತರಲು ಮಾವನೂ ಅವಳ ಜೊತೆ ತುಮಕೂರಿಗೆ ಬಂದ, ಅವನು ನೋಡುವ ಮುಂಚೆ ಅವಳು ಅದನ್ನು ಸುತ್ತಿಯಾಗಿತ್ತು.

ಆ ಚಿತ್ರ ಹುಟ್ಟಿದ್ದು ಬೇಸಿಗೆಯ ರಜೆಯ ಒಂದು ಮಧ್ಯಾಹ್ನ. ಅವ್ವ ತೋಟಕ್ಕೆ ಹೋಗಿದ್ದಳು. ಅಜ್ಜಿಯನ್ನು ನಡುಮನೆಯ ಕಂಬಕ್ಕೆ ಒರಗಿಸಿ, ನೋಡಿಕೊಂಡಿರು ಎಂದು ಹೇಳಿದ್ದಳು. ಅವಳು ನೋಡಿದಳು. ಬೆಳಕಿಂಡಿಯಿಂದ ಬಿಸಿಲಿನ ಒಂದು ಕೋಲು ಅಜ್ಜಿಯ ಮುಖದ ಮೇಲೆ ಓರೆಯಾಗಿ ಬಿದ್ದಿತ್ತು. ಬಲಗಡೆಯ ತುಟಿ ಜಾರಿ ಕಿವಿಯ ಕಡೆ ಎಳೆದುಕೊಂಡು, ಅದರ ಅಂಚಿನಿಂದ ಅಂಬಲಿ ಇಳಿದು, ಗಲ್ಲದಲ್ಲಿ ಒಂದು ಗಳಿಗೆ ನಿಂತು, ಕತ್ತಿನ ಮಡಿಕೆಯೊಳಗೆ ಹೋಗುತ್ತಿತ್ತು. ಅದರ ಮೇಲೆ ನೊಣ. ಆ ಬಾಯಿಂದಲೇ ಅಲ್ಲವೇ, ದಿನವೂ ಸಂಜೆ ಮುಖವನ್ನು ಕಳಚಿ ಹಾಲಿನ ಗುಡಾಣದಲ್ಲಿ ನೆನೆಹಾಕುತ್ತಿದ್ದ ರಾಣಿ ಬಂದದ್ದು, ಏಳು ಬೆಟ್ಟದಾಚೆ ಬೇವಿನ ಮರ ನೆಟ್ಟು ಅದಕ್ಕೆ ತನ್ನ ಕೂದಲಿನ ನೀರು ಎರೆದ ತಂಗಿ ಬಂದದ್ದು. ಅಜ್ಜಿಯ ತೊಡೆಯ ಮೇಲೆ ಮಲಗಿ ಆ ಬಾಯಿಯನ್ನು ಕೆಳಗಿನಿಂದ ನೋಡುತ್ತ ಅದರೊಳಗೆ ಊರುಗಳಿವೆ ಎಂದುಕೊಂಡಿದ್ದವಳು ಅವಳು. ಈಗ ಅದೇ ಬಾಯಿ ತೆರೆದು ಮುಚ್ಚುವಾಗ ಒಳಗೆ ಒಂದು ದಪ್ಪ ಬೂದು ನಾಲಿಗೆ ಹೊರಳಲಾರದೆ ಬಿದ್ದಿತ್ತು. ಅವಳಿಗೆ ವಾಕರಿಕೆ ಬಂತು. ಬಂದ ಕೂಡಲೇ ಕೈ ಪೆನ್ಸಿಲ್ ಹುಡುಕಿತು. ಅಜ್ಜಿ ಎಡಗೈ ಎತ್ತಿ ಮೂಲೆಯ ಚೊಂಬಿನ ಕಡೆ ತೋರಿಸಿದಳು. "ಒಂದ್ ನಿಮಿಷ ಅಜ್ಜಿ, ಹಂಗೇ ಇರು," ಎಂದಳು ವನಜಾಕ್ಷಿ. ಬಿಸಿಲಿನ ಕೋಲು ಸರಿದುಬಿಡುತ್ತದೆ ಎಂಬ ಹೆದರಿಕೆ. ಅಜ್ಜಿಯ ಕೈ ಇಳಿಯಿತು. ಮತ್ತೆ ಎದ್ದಿತು, ಬೇರುಗಳು ಮೇಲೆದ್ದ ಹಾಗೆ ಬೆರಳು ಬಿಚ್ಚಿಕೊಂಡು. ಅದನ್ನೂ ಬರೆದಳು. ಸ್ವಲ್ಪ ಹೊತ್ತಿಗೆ ಅಜ್ಜಿಯ ಸೀರೆಯ ಕೆಳಗಿನಿಂದ ಸಗಣಿ ಸಾರಿಸಿದ ನೆಲದ ಮೇಲೆ ಕಪ್ಪಗೆ ಒದ್ದೆ ಹರಡಿ ಅವಳ ಕಾಲಿನ ತನಕ ಬಂತು. ಕಾಲನ್ನು ಎಳೆದುಕೊಂಡು, ಮೂಗಿಗೆ ದಾವಣಿ ಹಿಡಿದುಕೊಂಡು, ಒಂದೇ ಕೈಯಲ್ಲಿ ಬರೆದಳು. ಅಜ್ಜಿ ಅವಳನ್ನೇ ನೋಡುತ್ತಿದ್ದಳು. ಆ ಮುಖದ ಎಡ ಅರ್ಧ ಅಳುತ್ತಿತ್ತು, ಬಲ ಅರ್ಧಕ್ಕೆ ಅಳುವುದು ಮರೆತುಹೋಗಿ ಅದು ನಕ್ಕ ಹಾಗೆ ಕಾಣುತ್ತಿತ್ತು. ಅವ್ವ ತೋಟದಿಂದ ಬಂದು ನೋಡಿದಳು. ನೀರು ಕಾಯಿಸಿಕೊಂಡು ಬಂದು, ತೊಳೆದು, ಸೀರೆ ಬದಲಿಸಿ, ಆಮೇಲೆ ನೀರು ಕುಡಿಸಿದಳು. ಅಜ್ಜಿ ಗಟಗಟನೆ ಕುಡಿದ ಸದ್ದು ಅಡುಗೆಮನೆಗೆ ಜಾರಿಕೊಂಡಿದ್ದ ವನಜಾಕ್ಷಿಯ ತನಕ ಬಂತು.

ಆ ಹಾಳೆಗಳನ್ನು ತುಮಕೂರಿನ ಚಿತ್ರಕಲಾ ಶಾಲೆಯ ಮಹಾದೇವಯ್ಯ ಮೇಷ್ಟರು ಬಾಗಿಲಿನ ಬೆಳಕಿಗೆ ಹಿಡಿದು ತುಂಬಾ ಹೊತ್ತು ನೋಡಿದ್ದರು. ಅವರು ಹೊರದೇಶದ ಚಿತ್ರಗಾರರ ಪುಸ್ತಕ ತೋರಿಸುತ್ತಿದ್ದವರು, ಮುಖ ಹಸಿರು, ಕಣ್ಣು ಕೆನ್ನೆಗೆ ಇಳಿದ, ಮೈಯನ್ನು ಹಿಂಡಿ ಹರವಿದ ಮನುಷ್ಯರ ಚಿತ್ರಗಳು. "ಚೆನ್ನಾಗಿ ಬರೆಯೋರು ಗುಬ್ಬೀಲಿ ಹತ್ತು ಜನ ಸಿಕ್ತಾರೆ ಕಣಮ್ಮ, ಕುಣಿಗಲ್ಲಲ್ಲಿ ಇಪ್ಪತ್ತು. ಇದು ಬೇರೆ. ದೊಡ್ಡದು ಮಾಡು. ಹೆದರಬೇಡ, ಇನ್ನೂ ಎಳಿ," ಎಂದರು. ಅವಳು ಎಳೆದಳು. ಬಾಯಿಯನ್ನು ಕಿವಿ ಮುಟ್ಟಿಸಿದಳು, ನಾಲಿಗೆಯನ್ನು ಕಡುಗೆಂಪಿನಲ್ಲಿ ಗುಡ್ಡೆ ಹಾಕಿದಳು, ಒಂದು ಕಣ್ಣು ಹಣೆಗೆ ಹೋಯಿತು, ಕೈ ಮೈಗಿಂತ ದೊಡ್ಡದಾಗಿ ಚಿತ್ರದ ಹೊರಗಿನ ಯಾವುದಕ್ಕೋ ಚಾಚಿತು. ಬರೆಯುತ್ತಿದ್ದಷ್ಟು ದಿನ ಅವಳಿಗೆ ಸುಖವಾಗಿತ್ತು. ಹೇಸಿಗೆ ಕೈಯಿಂದ ಬಣ್ಣಕ್ಕೆ ಇಳಿದು ಹೋಗುತ್ತಿತ್ತು, ಹೊಟ್ಟೆ ಹಗುರಾಗುತ್ತಿತ್ತು, ಹಸಿವಾಗುತ್ತಿತ್ತು. ಅದನ್ನು ಮಾತ್ರ ಅವಳು ಯಾರಿಗೂ ಹೇಳಿರಲಿಲ್ಲ.

ಗುಬ್ಬಿಯಲ್ಲಿ ಇಳಿದಾಗ ಸಿ.ಎಸ್. ಪುರದ ಬಸ್ಸಿಗೆ ಇನ್ನೂ ಹೊತ್ತಿತ್ತು. "ಬಾ, ಇದ್ಕೆ ಕಟ್ಟು, ಗಾಜು ಹಾಕಿಸ್ಕೊಂಡೇ ಹೋಗಾನ," ಎಂದ ಮಾವ.

"ಬೇಡ ಮಾವ. ಇದಕ್ಕೆ ಗಾಜು ಹಾಕ್ಬಾರ್ದು."

"ಹಂಗೇ ಬರೀ ಬಟ್ಟೆ ಇಕ್ಕಕ್ಕಾಯ್ತದಾ? ನೆಂಟ್ರು ಬರ್ತಾರೆ, ಯಡಿಯೂರಿಂದ ಚಿಕ್ಕವ್ವ ಬರ್ತಾಳೆ. ನಮ್ಮವ್ವಂಗೆ ಒಂದ್ ಕಟ್ಟು ಗತಿ ಇಲ್ವಾ?"

ಚಿಕ್ಕರಂಗಯ್ಯನ ಅಂಗಡಿಯ ಗೋಡೆಯ ತುಂಬ ದೇವರುಗಳು ಮತ್ತು ಸತ್ತವರು. ಸತ್ತವರೆಲ್ಲ ಒಂದೇ ತರದ ನೀಲಿ ಪರದೆಯ ಮುಂದೆ ಕೂತು, ಹಣೆಯ ಮೇಲೆ ಒಂದೇ ಅಳತೆಯ ಕುಂಕುಮ ಅಥವಾ ವಿಭೂತಿ ಇಟ್ಟುಕೊಂಡು, ಎದುರಿನ ಗೋಡೆಯ ದೇವರುಗಳನ್ನು ನೋಡುತ್ತಿದ್ದರು. ಚಿಕ್ಕರಂಗಯ್ಯ ಕಟ್ಟು ಹಾಕುವುದರ ಜೊತೆಗೆ ಬೋರ್ಡೂ ಬರೆಯುವವನು, ಅವನ ಉಗುರುಗಳಲ್ಲಿ ಏಳೆಂಟು ಬಣ್ಣ. ಮಾವನೇ ಹಗ್ಗ ಬಿಚ್ಚಿದ. ವನಜಾಕ್ಷಿ ತಡೆಯಲಿಲ್ಲ. ತಡೆಯುವ ಮಾತು ಹೇಳಬೇಕಾಗಿದ್ದ ದಿನ ಹೇಳಲಿಲ್ಲ, ಈಗ ಅವಳ ಕೈಗಳು ಬೇರೆಯವರ ಕೈಗಳ ಹಾಗೆ ಪಕ್ಕದಲ್ಲಿ ಜೋತುಬಿದ್ದಿದ್ದವು. ದುಪ್ಪಟಿ ಬಾಯಿಯ ಹತ್ತಿರ ಅಂಟಿಕೊಂಡಿತ್ತು. ಮಾವ ಎಳೆದಾಗ ಚರ್ಮ ಸುಲಿದ ಸದ್ದು ಬಂತು, ಬಟ್ಟೆಯ ಜೊತೆಗೆ ಕೆಂಪಿನ ಒಂದು ಪದರ ಎದ್ದು ಬಂತು.

ಮೊದಲು ಮಾತಾಡಿದವನು ಚಿಕ್ಕರಂಗಯ್ಯ. "ಅಯ್ಯಯ್ಯ, ನೆನ್ದೋಗೈತಲ್ಲ ಸ್ವಾಮಿ. ಬಣ್ಣ ಎಲ್ಲ ಇಳ್ದೈತೆ. ಬಿಸ್ಲಿಗೇನಾರ ಇಕ್ಕಿದ್ರಾ? ನೋಡಿ ಬಾಯಿ ಎಲ್ಲಿಗೋಗೈತೆ."

ಮಾವ ಚಿತ್ರವನ್ನು ನೋಡುತ್ತಿದ್ದ. ಆರು ತಿಂಗಳು ಅಜ್ಜಿಯನ್ನು ಅವನು ಬಾಗಿಲ ಹೊಸ್ತಿಲಿನಿಂದಲೇ ಮಾತಾಡಿಸಿ ಹೋಗುತ್ತಿದ್ದುದು ವನಜಾಕ್ಷಿಗೆ ಗೊತ್ತು. "ಅವ್ವ, ಹೆಂಗಿದೀಯ, ಊಟ ಆಯ್ತಾ," ಎಂದು ಹೊಸ್ತಿಲಿನ ಆಚೆಯಿಂದ ಕೂಗಿ, ಒಳಗಿನ ವಾಸನೆ ಬರುವ ಮುಂಚೆ ಚಪ್ಪಲಿ ಮೆಟ್ಟಿಕೊಂಡು ಹೋಗುತ್ತಿದ್ದ. ಈಗ ಹೊಸ್ತಿಲು ಇರಲಿಲ್ಲ. ಅವನ ಗಡ್ಡದ ಒಳಗೆ ದವಡೆ ಅಲುಗಾಡಿತು.

"ಹ್ಞೂಂ, ಮಳೇಲಿ ನೆನ್ದೋಯ್ತು," ಎಂದ ಅಂಗಡಿಯವನಿಗೆ. ಮಳೆ ಬಂದು ತಿಂಗಳಾಗಿತ್ತು. ಚಿಕ್ಕರಂಗಯ್ಯ ಒಳಗೆ ಕಟ್ಟಿನ ಪಟ್ಟಿ ತರಲು ಹೋದಾಗ, ಅವಳ ಕಡೆ ನೋಡದೆ, ಮೆತ್ತಗೆ ಕೇಳಿದ: "ನಮ್ಮವ್ವ ನಿಂಗೇನ್ ಮಾಡಿದ್ಲು ವನಜಾ?"

"ಹಿಂಗೇ ಇತ್ತಲ್ಲ ಮಾವ."

"ಇತ್ತು. ಇದ್ರೆ?"

ಮೇಷ್ಟರು ಇದ್ದಿದ್ದರೆ ಏನಾದರೂ ಹೇಳುತ್ತಿದ್ದರು, ನೋವು, ಸತ್ಯ, ಒಳಗಿನ ಮುಖ. ಆ ಮಾತುಗಳು ತುಮಕೂರಿನಲ್ಲಿ, ಸುಣ್ಣ ಹೊಡೆದ ಪ್ರದರ್ಶನದ ಕೋಣೆಯಲ್ಲಿ, ಚಿತ್ರದಿಂದ ನಾಲ್ಕು ಹೆಜ್ಜೆ ಹಿಂದೆ ನಿಂತಾಗ ಸರಿ ಅನ್ನಿಸುತ್ತಿದ್ದವು. ಇಲ್ಲಿ ಮಗನೊಬ್ಬ ತನ್ನ ತಾಯಿಯ ನಾಲಿಗೆಯನ್ನು ಒಂದು ಮೊಳದ ದೂರದಿಂದ ನೋಡುತ್ತಿದ್ದ. "ಅಕ್ಕ ಇದನ್ನ ನೋಡ್ಬಾರ್ದು," ಎಂದ ಮಾವ. "ಆರು ತಿಂಗ್ಳು ಬಳ್ದು ಬಾಚವ್ಳೆ. ನಾಳೆ ಇದ್ರ ಮುಂದೆ ಎಡೆ ಇಕ್ಕಂತ ಹೆಂಗ್ ಹೇಳನ? ನಾನು ಫೋಟೋದವನ್ನ ವಾಪಸ್ ಕಳ್ಸಿದ್ದು ನಿನ್ ನಂಬ್ಕೊಂಡು. ನೀನೇ ಸರಿ ಮಾಡು."

"ಸರಿ ಅಂದ್ರೆ?"

"ಸರಿ ಅಂದ್ರೆ ಸರಿ. ಮನುಷ್ಯರ ತರ."

ಚಿಕ್ಕರಂಗಯ್ಯ ಸಂಗತಿ ತಿಳಿದ ಮೇಲೆ ತುಂಬಾ ಉತ್ಸಾಹದಿಂದ ಅಂಗಡಿಯ ಹಿಂದುಗಡೆ ಜಾಗ ಮಾಡಿಕೊಟ್ಟ. ಯಾವುದೋ ಗೋಪುರದ ಬೊಂಬೆಗಳಿಗೆ ಬಳಿದು ಉಳಿದ ಮೈಬಣ್ಣದ ಡಬ್ಬಿ ತಂದ. "ಎನಾಮಲ್ಲು, ಬೆಳಿಗ್ಗೆಗೆ ಗಟ್ಟಿ ಆಯ್ತದೆ. ನೋಡ್ಕೊಂಡ್ ಬರೀಬೇಕಂದ್ರೆ ಆ ಗೋಡೇ ಮ್ಯಾಲೆ ಯಾವ್ದಾರ ಅಜ್ಜಿ ಇಳಿಸ್ಕೊ ಕಣಮ್ಮ, ಮುದುಕೀರೆಲ್ಲ ಒಂದೇ ಅಲ್ವಾ." ಹಲಗೆಯ ಪಟ್ಟಿಯಿಂದ ಅವಳೇ ಬಾಯಿಯ ಗುಡ್ಡೆಯನ್ನು ಕೆರೆದು ತೆಗೆದಳು. ಒಳಗೆ ಇನ್ನೂ ಹಸಿಯಾಗಿದ್ದ ಬಣ್ಣ ಗೋಂದಿನ ಹಾಗೆ ಎಳೆ ಎಳೆಯಾಗಿ ಬಂತು. ಬೇಡ ಎನ್ನಬಹುದು, ಎದ್ದು ಇದನ್ನು ಹೊತ್ತುಕೊಂಡು ತುಮಕೂರಿನ ಬಸ್ಸು ಹತ್ತಬಹುದು, ನಾಳೆ ಎಡೆಯನ್ನು ಬರೀ ಕಳಶದ ಮುಂದೆ ಇಡಲಿ. ಹೀಗೆ ಯೋಚಿಸುತ್ತಿರುವಾಗಲೇ ಹಣೆಗೆ ಹೋಗಿದ್ದ ಕಣ್ಣನ್ನು ಕುಂಚ ಮುಚ್ಚಿಯಾಗಿತ್ತು. ಬದುಕಿನಲ್ಲಿ ಒಂದೇ ಒಂದು ಸಲ, ಆ ಚಿತ್ರದಲ್ಲಿ, ಅವಳು ಸುಳ್ಳು ಹೇಳದೆ ಇದ್ದಳು. ಅಷ್ಟು ಕ್ರೂರಿಯಾಗಿ ಇನ್ನೆಲ್ಲೂ ಇರಲಿಲ್ಲ ಕೂಡಾ. ಒಂದನ್ನು ಉಳಿಸಿ ಇನ್ನೊಂದನ್ನು ಕೆರೆಯುವುದು ಹೇಗೆಂದು ಗೊತ್ತಾಗದೆ ಎರಡನ್ನೂ ಮುಚ್ಚುತ್ತ ಹೋದಳು. ಹೆದರಿಕೆ ಬೇರೆಲ್ಲಿಂದಲೋ ಬಂತು. ಪಾರ್ಶ್ವವಾಯುವಿಗೆ ಮುಂಚಿನ ಅಜ್ಜಿಯ ಮುಖ ನೆನಪಿಗೆ ಬರಲಿಲ್ಲ. ಕಣ್ಣು ಮುಚ್ಚಿದರೆ ಆ ಮಧ್ಯಾಹ್ನದ ಮುಖವೇ. ಅದರ ಹಿಂದೆ ಹೋಗಲು ನೋಡಿದರೆ ರಾಣಿಯರು, ಬೇವಿನ ಮರ, ಒಂದು ಧ್ವನಿ, ತಲೆಯ ಕೆಳಗಿನ ತೊಡೆಯ ಮೆತ್ತನೆ, ಅಷ್ಟೇ. ಇಪ್ಪತ್ತು ವರ್ಷ ಅವಳು ಕಥೆ ಕೇಳಿದ್ದಳು, ಹೇಳುತ್ತಿದ್ದವಳನ್ನು ನೋಡಿರಲಿಲ್ಲ. ಮೊದಲ ಸಲ ನೋಡಿದ್ದೇ ಹೇಸಿದಾಗ.

ಕೊನೆಗೆ ಗೋಡೆಯಿಂದ ಒಬ್ಬ ಅಜ್ಜಿಯನ್ನು ಇಳಿಸಿಕೊಂಡಳು. ಯಾರೋ ನಿಟ್ಟೂರು ಕಡೆಯವರು, ಕಟ್ಟು ಹಾಕಲು ಫೋಟೋ ಕೊಟ್ಟ ಮನೆಯವರು ವಾಪಸು ಬಂದಿರಲಿಲ್ಲವಂತೆ. ಕೈ ಎಷ್ಟು ಸಲೀಸಾಗಿ ಓಡಿತೆಂದರೆ ಅವಳಿಗೆ ಮೈ ಜುಮ್ಮೆಂದಿತು. ತುಟಿ ಸೇರಿತು, ಕೆನ್ನೆ ತುಂಬಿತು, ಹಣೆಯ ಮೇಲೆ ವಿಭೂತಿ ಬಂತು, ದೊಡ್ಡ ಕೈ ನೀಲಿ ಪರದೆಯಾಯಿತು. ಮೂಗುಬೊಟ್ಟಿಗೆ ಬಿಳಿಯ ಒಂದು ಚುಕ್ಕಿ ಇಟ್ಟಾಗ ಅದು ಥಳಕ್ಕೆಂದಿತು. ಮಾವ ಟೀ ಕುಡಿದು ಬಂದು, ನೋಡಿ, ತಲೆಯ ಮೇಲಿನ ಟವೆಲ್ಲು ತೆಗೆದು ಅದರಲ್ಲಿ ಮುಖ ಮುಚ್ಚಿಕೊಂಡು ಅತ್ತ. "ಇದು ನಮ್ಮವ್ವ," ಎಂದ.

ಮಾರನೆಯ ದಿನ ಹತ್ತೂವರೆಗೆ, ಗಾಜು ಕಟ್ಟು ಹಾಕಿಸಿ ತಂದ ಚಿತ್ರದ ಮುಂದೆ ಎಡೆ ಇಟ್ಟರು. ಹೊಸ ಸೀರೆ, ಎಲೆ ಅಡಿಕೆ, ಹೊಗೆಸೊಪ್ಪು, ಕಜ್ಜಾಯ, ಮುದ್ದೆ, ಸೊಪ್ಪಿನ ಸಾರು, ಅಜ್ಜಿಗೆ ಇಷ್ಟವಾದದ್ದೆಲ್ಲ. ಗಾಜಿನ ಮೇಲೆ ಊದುಬತ್ತಿಯ ಹೊಗೆ. ಬಂದವರೆಲ್ಲ ಒಬ್ಬೊಬ್ಬರೇ ಹಾಲುತುಪ್ಪ ಬಿಟ್ಟು ಕೈಮುಗಿದು, "ಹೊಂಬಾಳಮ್ಮ ಕುಂತು ಮಾತಾಡ್ದಂಗೈತೆ," "ನಕ್ಕಂಗೈತೆ ನೋಡು," "ಆ ಮೂಗ್ಬೊಟ್ಟು ನೋಡೇ, ಹಂಗೇ," ಎಂದರು. ಅಜ್ಜಿ ಮೂಗುಬೊಟ್ಟು ಮಾರಿ ಎಷ್ಟೋ ಕಾಲವಾಗಿತ್ತು. ಅವ್ವ ಎಲ್ಲರಿಗಿಂತ ಕೊನೆಗೆ ಬಂದಳು. ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ನಿಂತು ಚಿತ್ರವನ್ನು ನೋಡಿದಳು, ಹೊಸಬರು ಮನೆಗೆ ಬಂದಾಗ ಯಾರಿರಬಹುದೆಂದು ನೋಡುವ ಹಾಗೆ. ಆಮೇಲೆ ಮಗಳನ್ನು ನೋಡಿದಳು. ವನಜಾಕ್ಷಿ ಕಾಯುತ್ತಿದ್ದಳು. ಅವ್ವ ಒಂದು ಮಾತು ಹೇಳಲಿ, ಇದಲ್ಲ ಕಣೇ ಎನ್ನಲಿ, ಆಗ ಎಲ್ಲವನ್ನೂ, ಆ ಮಧ್ಯಾಹ್ನವನ್ನೂ, ಚೊಂಬನ್ನೂ, ಕಾಲು ಎಳೆದುಕೊಂಡದ್ದನ್ನೂ ಇಲ್ಲೇ ಕಾರಿಬಿಡುತ್ತೇನೆ ಎಂದುಕೊಂಡಳು. ಅವ್ವ ಹಾಲುತುಪ್ಪ ಬಿಟ್ಟಳು. "ಚೆಂದಾಗೈತೆ," ಎಂದಳು. "ಬಾ, ಎಲೆ ಹಾಕ್ಬೇಕು."

ಊಟಕ್ಕೆ ಕೂತಾಗ ಪಕ್ಕದಲ್ಲಿ ಯಡಿಯೂರಿನ ರಂಗಲಕ್ಷ್ಮಮ್ಮ, ಅಜ್ಜಿಯ ತಂಗಿ. ಬಾಯಲ್ಲಿ ಹಲ್ಲಿಲ್ಲ, ಕಜ್ಜಾಯವನ್ನು ತುಪ್ಪದಲ್ಲಿ ಕಿವುಚಿ ನುಂಗುತ್ತಿದ್ದಳು.

"ವನಜಾ, ನಂದೂ ಒಂದ್ ಬರ್ಕೊಡವ್ವ," ಎಂದಳು. "ನಮ್ಮನೇಲಿ ಬರಿಯೋರು ಯಾರವ್ರೆ? ಆಮ್ಯಾಕೆ ಆ ಸ್ಟುಡಿಯೋದವ್ನು ಬಂದು ಬಾಯಿ ಕಟ್ಟಿ ತೆಗೀತಾನೆ."

"ಈಗ್ಯಾಕಜ್ಜಿ ಅದೆಲ್ಲಾ."

"ಈಗ್ಲೇ ನೋಡ್ಕೊಂಬುಡು." ಮುದುಕಿ ಬೆನ್ನು ನೆಟ್ಟಗೆ ಮಾಡಿ, ಎಡಗೈಯಲ್ಲಿ ಸೆರಗು ತಲೆಯ ಮೇಲೆ ಎಳೆದುಕೊಂಡು, ಉಸಿರು ಬಿಗಿಹಿಡಿದು ಕೂತಳು.

"ಹೆಂಗ್ ಬರೀಲಿ? ಇರೋ ತರಾನಾ?"

"ಇರೋ ತರ ಬರ್ದ್ರೆ ಯಾರೇ ನೋಡ್ತಾರೆ," ಎಂದು ರಂಗಲಕ್ಷ್ಮಮ್ಮ ನಗಲು ಹೋಗಿ, ಭಂಗಿ ಕೆಡುತ್ತದೆಂದು ತಡೆದುಕೊಂಡಳು. "ಅಕ್ಕನ್ದಿದ್ದಂಗೆ ಬರಿ."

ವನಜಾಕ್ಷಿ ನೋಡಿದಳು. ಒಂದು ಕಣ್ಣಿನಲ್ಲಿ ಪೊರೆ ಬಂದು ಅದು ಮೊಸರಿನ ಬಿಳುಪಾಗಿತ್ತು, ಅದರ ಕೆಳಗಿನ ಚರ್ಮ ಚೀಲದ ಹಾಗೆ ಇಳಿಬಿದ್ದು ಒಳಗೆ ಏನೋ ನೀಲಿ. ಬಾಯಿಯ ಸುತ್ತ ನೂರು ಗೆರೆಗಳು ಒಳಕ್ಕೆ ಓಡಿ ಹೋಗಿದ್ದವು, ತುಟಿಯ ಮೂಲೆಯಲ್ಲಿ ತುಪ್ಪದಲ್ಲಿ ನೆಂದ ಕಜ್ಜಾಯದ ಒಂದು ಚೂರು. ಉಸಿರು ಬಿಗಿಹಿಡಿದದ್ದಕ್ಕೆ ಕತ್ತಿನ ನರ ಎದ್ದು ಹುಳುವಿನಂತೆ ಅದುರುತ್ತಿತ್ತು. ಈ ಸಲ ಬಾಯಿ ಕಿವಿಗೆ ಹೋಗಬೇಕಿಲ್ಲ, ಒಳಕ್ಕೇ ಹೋಗಲಿ, ಇಡೀ ಮುಖ ಆ ಬಾಯಿಯೊಳಗೆ ಬಸಿದು ಹೋಗಲಿ. ಮೈಗೆ ಕಂದು, ಅದರ ಮೇಲೆ ತೆಳ್ಳಗೆ ಹಸಿರು.

"ಆಯ್ತಜ್ಜಿ, ಬರೀತೀನಿ," ಎಂದಳು.

ಮುದುಕಿ ಉಸಿರು ಬಿಟ್ಟು ಎಲೆಯ ಕಡೆ ಬಗ್ಗಿದಳು. ಬಡಿಸುತ್ತಿದ್ದ ಅವ್ವ ಸಾಲಿನ ಆ ತುದಿಯಿಂದ ಬಂದು ಮಗಳ ಎಲೆಯ ಮುಂದೆ ನಿಂತಳು. ನಿನ್ನೆ ಬೆಳಗ್ಗೆಯಿಂದ ವನಜಾಕ್ಷಿ ಏನೂ ತಿಂದಿರಲಿಲ್ಲ, ಈಗ ಬರೆಯುತ್ತಿದ್ದ ದಿನಗಳ ಹಾಗೆ ಹಸಿವಾಯಿತು. ಬೆರಳ ಸಂದಿಯಲ್ಲಿ ಸೀಮೆಎಣ್ಣೆಗೂ ಹೋಗದ ಮೈಬಣ್ಣ ಉಳಿದಿತ್ತು, ಅದೇ ಬೆರಳುಗಳಿಂದ ಮುದ್ದೆ ಮುರಿದು, ಸಾರಿಗೆ ಅದ್ದಿ, ಬಾಯಿಗಿಟ್ಟುಕೊಂಡಳು. ರುಚಿಯಾಗಿತ್ತು. "ಇನ್ನೊಂದು ಸೌಟು ಹಾಕವ್ವ," ಎಂದಳು.